ಗಿಳಿಯ ಹೊಟ್ಟೆ, ಮನೆಯವರ ಅಕ್ಕರೆ

ಬಾಣಭಟ್ಟನ ‘ಕಾದಂಬರಿ’ಯಲ್ಲಿ ವೈಶಂಪಾಯನನೆಂಬ ಗಿಳಿಯೊಂದು ಶೂದ್ರಕ ಮಹಾರಾಜನ ಆಸ್ಥಾನಕ್ಕೆ ಬರುತ್ತದೆ. ನಾಗವರ್ಮನು ಆ ಕೃತಿಯನ್ನು ಕನ್ನಡಕ್ಕೆ ತಂದದ್ದರಿಂದ ಕನ್ನಡಿಗರಿಗೆ ಆ ಗಿಳಿ ಪರಕೀಯವಲ್ಲ. ಕಥೆ ಹೇಳೆಂದು ಕೇಳುವುದಕ್ಕೆ ಮೊದಲು ಮಹಾರಾಜನು ಅಂತಃಪುರದಲ್ಲಿ ಊಟ ಚೆನ್ನಾಗಿ ಆಯಿತೇ ಎಂದು ಅದನ್ನು ವಿಚಾರಿಸುತ್ತಾನೆ. ನೇರಳೆಹಣ್ಣಿನ ರಸ, ದಾಳಿಂಬೆಯ ಬೀಜ, ನೆಲ್ಲಿಕಾಯಿ ಎಲ್ಲವೂ ಆಯಿತೆಂದೂ ರಾಣಿಯರು ಕೈಯಾರೆ ಕೊಟ್ಟದ್ದೆಲ್ಲ ಅಮೃತವಾಯಿತೆಂದೂ ಗಿಳಿ ವಿನಯದಿಂದ ಉತ್ತರಿಸುತ್ತದೆ. ಈ ರಾಣೀವಾಸದ ಪದ್ಧತಿ ಇಂದು ಮುಂಬಯಿಯ ಎರಡು ಕೋಣೆಗಳ ಮನೆಗಳಿಗೂ ಇಳಿದು ಬಂದಿದೆ. ಪಂಜರದ ಮುಂದೆ ಹಾದುಹೋಗುವವರಲ್ಲಿ ಒಬ್ಬರಾದರೂ ಏನನ್ನಾದರೂ ಅದರ ಕೊಕ್ಕಿಗೆ ಇಡದೆ ಹೋಗುವುದಿಲ್ಲ. ಹಕ್ಕಿ ಆರೋಗ್ಯದಿಂದಿರುವ ತನಕ ಇದೊಂದು ವಿನೋದ. ಒಮ್ಮೆ ಅದರ ಹೊಟ್ಟೆ ಕೆಟ್ಟು, ಆ ಕೆಡಕು ತಿಂಗಳುಗಟ್ಟಲೆ ನಿಂತಿತೆಂದರೆ, ಅದೇ ಅಕ್ಕರೆ ಹಕ್ಕಿಗೆ ಮುಳುವಾಗತೊಡಗುತ್ತದೆ. ದೀರ್ಘಕಾಲದ ಉದರರೋಗವುಳ್ಳ ಗಿಳಿಗೆ ಮೊದಲು ಬೇಕಾದದ್ದು ಹೊಸ ಔಷಧವೂ ಅಲ್ಲ, ಹೊಸ ವೈದ್ಯರೂ ಅಲ್ಲ. ಒಂದು ತಕ್ಕಡಿ, ಒಂದು ವಹಿ ಮತ್ತು ತಿನ್ನಿಸುವ ಒಂದೇ ಕೈ.

ಇಲ್ಲಿ ಯಾವ ಗಿಳಿಯ ಮಾತು ನಡೆದಿದೆ ಎಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕು. ಊರಿನ ತೋಟಗಳಲ್ಲಿ ಪೇರಲೆಹಣ್ಣು ಕಚ್ಚುವ ಹಸಿರು ಗಿಳಿಯನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಅಜ್ಜನ ಕಾಲದಲ್ಲಿ ಮನೆಯಲ್ಲಿತ್ತು ಎಂಬ ಸಮಾಧಾನ ಈಗ ನಡೆಯುವುದಿಲ್ಲ. ನಗರದ ಮನೆಗಳಲ್ಲಿ ಕಾನೂನಿಗೆ ಅಡ್ಡಿಯಾಗದಂತೆ ಇರುವವು ಪರದೇಶದ ಮೂಲದ, ಪಂಜರದಲ್ಲೇ ಹುಟ್ಟಿದ ಹಕ್ಕಿಗಳು: ಅಂಗಡಿಯವರು ತಪ್ಪಾಗಿ ಲವ್ ಬರ್ಡ್ ಎಂದು ಮಾರುವ ಪುಟ್ಟ ಬಡ್ಜರಿಗರ್, ಜುಟ್ಟಿನ ಕಾಕಟೀಲ್, ಮತ್ತು ಅನುಕೂಲವಂತರ ಮನೆಗಳಲ್ಲಿ ಮಾತಿನಮಲ್ಲನಾದ ಆಫ್ರಿಕದ ಬೂದುಗಿಳಿ. ಕೊನೆಯದನ್ನು 2016ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಲಾಯಿತು. 2024ರ ನಿಯಮಗಳ ಪ್ರಕಾರ ಅಂತಹ ಹಕ್ಕಿಯನ್ನು ಸಾಕುವವರು ಕೇಂದ್ರ ಸರಕಾರದ ‘ಪರಿವೇಶ್’ ವ್ಯವಸ್ಥೆಯಲ್ಲಿ ನೋಂದಣಿ ಮಾಡಿಸಬೇಕು. ಕಾಗದಪತ್ರ ಸರಿಯಿಲ್ಲದವರು ಹಕ್ಕಿ ಕಾಯಿಲೆ ಬಿದ್ದಾಗ ವೈದ್ಯರ ಬಾಗಿಲಿಗೆ ಹೋಗಲು ಅಂಜುತ್ತಾರೆ. ಅವರ ಅಂಜಿಕೆಯ ಬೆಲೆಯನ್ನು ಹಕ್ಕಿ ತೆರುತ್ತದೆ.

ಗಿಳಿಯ ಉದರದ ರಚನೆ ಮನುಷ್ಯನದರಂತಲ್ಲ. ಅದಕ್ಕೆ ಹಲ್ಲಿಲ್ಲ. ಕೊಕ್ಕಿನಿಂದ ಸಿಪ್ಪೆ ಸುಲಿದು ನುಂಗಿದ ಕಾಳು ಕತ್ತಿನ ಬುಡದಲ್ಲಿರುವ ಒಂದು ಚೀಲದಲ್ಲಿ ಕೆಲಕಾಲ ನೆನೆಯುತ್ತದೆ. ವೈದ್ಯರು ಇದನ್ನು ಕ್ರಾಪ್ ಎನ್ನುತ್ತಾರೆ. ಅಲ್ಲಿಂದ ಮುಂದೆ ಜಠರ ಎರಡು ಭಾಗ: ಮೊದಲನೆಯದು ಆಮ್ಲವನ್ನು ಸುರಿಸುತ್ತದೆ, ಎರಡನೆಯದು ಬಲವಾದ ಸ್ನಾಯುಗಳಿಂದ ಕಾಳನ್ನು ಅರೆಯುತ್ತದೆ. ಈ ಸಾಲಿನಲ್ಲಿ ಎಲ್ಲಿ ತಡೆಯುಂಟಾದರೂ ಅದರ ಸುದ್ದಿ ಮೊದಲು ತಿಳಿಯುವುದು ಪಂಜರದ ತಳದ ಕಾಗದದ ಮೇಲೆ. ಆರೋಗ್ಯವಂತ ಗಿಳಿಯ ಹಿಕ್ಕೆಯಲ್ಲಿ ಮೂರು ಭಾಗಗಳನ್ನು ಗುರುತಿಸಬಹುದು: ರೂಪವುಳ್ಳ ಹಸಿರು ಅಥವಾ ಕಂದು ಮಲ, ಸುಣ್ಣದಂತಹ ಬಿಳಿಯ ಅಂಶ, ಸ್ವಲ್ಪ ನೀರು. ಕಲ್ಲಂಗಡಿಯನ್ನೋ ಪಪ್ಪಾಯಿಯನ್ನೋ ತಿಂದ ದಿನ ನೀರಿನ ಅಂಶ ಹೆಚ್ಚುವುದು ಸಹಜ, ಅದು ಭೇದಿಯಲ್ಲ. ಆದರೆ ಮಲದಲ್ಲಿ ಇಡೀ ಕಾಳುಗಳು ಜೀರ್ಣವಾಗದೆ ಹಾಗೆಯೇ ಬಿದ್ದಿದ್ದರೆ, ತಲೆ ಕೊಡವಿ ಉಗುಳಿದ ಅನ್ನ ನೆತ್ತಿಯ ಗರಿಗಳಿಗೆ ಅಂಟಿದ್ದರೆ, ಹಿಕ್ಕೆ ಚಿಕ್ಕದಾಗಿ ಕಡುಹಸಿರಾಗಿದ್ದರೆ ಅದು ಕಾಯಿಲೆಯ ಗುರುತು. ಪ್ರೀತಿಯ ವ್ಯಕ್ತಿಯ ಮುಂದೆಯೋ ಕನ್ನಡಿಯ ಮುಂದೆಯೋ ಗಿಳಿ ತಲೆ ಕುಣಿಸಿ ತಿಂದದ್ದನ್ನು ಹೊರತಂದು ‘ನೈವೇದ್ಯ’ ಮಾಡುವುದುಂಟು. ಅದು ಪ್ರಣಯದ ಲಕ್ಷಣ. ಎರಡನ್ನೂ ಒಂದೆಂದು ತಿಳಿದು ವೈದ್ಯರಲ್ಲಿಗೆ ಓಡುವವರೂ ಇದ್ದಾರೆ, ಎರಡನ್ನೂ ಒಂದೆಂದು ತಿಳಿದು ನಕ್ಕು ಸುಮ್ಮನಾಗುವವರೂ ಇದ್ದಾರೆ.

ಪಕ್ಷಿಗೆ ರೋಗವನ್ನು ಮರೆಮಾಚುವ ಸ್ವಭಾವವಿದೆ. ಕಾಡಿನಲ್ಲಿ ದುರ್ಬಲವೆಂದು ತೋರಿಸಿಕೊಂಡ ಹಕ್ಕಿ ಹದ್ದಿನ ಬಾಯಿಗೆ ಬೀಳುತ್ತದೆ. ಆದುದರಿಂದ ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕುಳಿತ ಗಿಳಿ ಅಂದು ಕಾಯಿಲೆ ಬಿದ್ದದ್ದಲ್ಲ. ಬಹುದಿನದ ಕಾಯಿಲೆಯನ್ನು ಮುಚ್ಚಿಡುವ ಶಕ್ತಿ ಅಂದು ಮುಗಿದಿದೆ. ‘ನಿನ್ನೆಯವರೆಗೂ ಚೆನ್ನಾಗಿತ್ತು’ ಎಂದು ಮನೆಯವರು ಹೇಳುವ ಮಾತು ಸುಳ್ಳಲ್ಲ, ಆದರೆ ಅದು ಕಣ್ಣಿನ ಸಾಕ್ಷಿ ಮಾತ್ರ. ಗರಿಗಳ ಕೆಳಗೆ ಎದೆಯ ಎಲುಬು ಕತ್ತಿಯ ಅಲಗಿನಂತೆ ಎದ್ದಿರುವುದನ್ನು ಕಣ್ಣು ಕಾಣಲಾರದು. ತಕ್ಕಡಿ ಕಾಣುತ್ತದೆ.

ದೀರ್ಘಕಾಲದ ಉದರರೋಗಗಳಲ್ಲಿ ಎರಡನ್ನಾದರೂ ಸಾಕುವವರು ತಿಳಿದಿರಬೇಕು. ಬಡ್ಜರಿಗರ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಜಠರದ ಬೂಷ್ಟಿನ ರೋಗ. ಮ್ಯಾಕ್ರೊರಾಬ್ಡಸ್ ಎಂಬ ಈ ಜೀವಿಯನ್ನು ದೊಡ್ಡ ಗಾತ್ರದ ಬ್ಯಾಕ್ಟೀರಿಯವೆಂದೇ ಬಹುಕಾಲ ನಂಬಲಾಗಿತ್ತು. ಅದು ಯೀಸ್ಟ್ ಜಾತಿಯದೆಂದು 2003ರಲ್ಲಿ ಖಚಿತವಾಯಿತು. ಹಕ್ಕಿ ದಿನವಿಡೀ ತಟ್ಟೆಯ ಮುಂದೆ ಕುಳಿತು ಕಾಳು ಪುಡಿಮಾಡುತ್ತಿರುತ್ತದೆ, ಆದರೂ ಸೊರಗುತ್ತದೆ. ತಾಜಾ ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅನೇಕ ವೇಳೆ ರೋಗ ಪತ್ತೆಯಾಗುತ್ತದೆ. ಆಂಫೊಟೆರಿಸಿನ್ ಎಂಬ ಔಷಧವನ್ನು ವಾರಗಟ್ಟಲೆ ಬಾಯಿಯ ಮೂಲಕ ಕೊಡಬೇಕಾಗುತ್ತದೆ. ನಾಲ್ಕು ದಿನಕ್ಕೆ ಚೇತರಿಸಿತೆಂದು ನಿಲ್ಲಿಸಿದರೆ ರೋಗ ಮರಳುತ್ತದೆ. ಎರಡನೆಯದು ದೊಡ್ಡ ಗಿಳಿಗಳ ಪಾಲಿನ ಶಾಪ. ಜಠರದ ನರಗಳು ಊದಿಕೊಂಡು, ಸ್ನಾಯು ಶಕ್ತಿಗುಂದಿ, ಮೊದಲ ಜಠರ ಚೀಲದಂತೆ ಹಿಗ್ಗುತ್ತದೆ. ತಿಂದ ಕಾಳು ಅರೆಯದೆಯೇ ಹೊರಬೀಳುತ್ತದೆ. 1970ರ ದಶಕದಲ್ಲಿ ಮಕಾವ್ ಗಿಳಿಗಳಲ್ಲಿ ಇದನ್ನು ಗುರುತಿಸಲಾಯಿತು. ಇದರ ಹಿಂದಿರುವ ಬೋರ್ನಾ ವೈರಸ್ ಪತ್ತೆಯಾದದ್ದು 2008ರಲ್ಲಿ. ಬುಡಮಟ್ಟ ಗುಣಪಡಿಸುವ ಔಷಧ ಇದಕ್ಕಿಲ್ಲ. ಊತ ಇಳಿಸುವ ಔಷಧ, ಸುಲಭವಾಗಿ ಅರಗುವ ಆಹಾರ ಮತ್ತು ಶಾಂತವಾದ ದಿನಚರಿ, ಇವುಗಳ ಬಲದ ಮೇಲೆ ಕೆಲವು ಹಕ್ಕಿಗಳು ಬಹುಕಾಲ ಬಾಳುತ್ತವೆ. ಇವಲ್ಲದೆ ಸತು ಲೇಪಿಸಿದ ಅಗ್ಗದ ತಂತಿಯ ಪಂಜರವನ್ನು ಕಚ್ಚಿ ಕಚ್ಚಿ ಸತುವಿನ ವಿಷ ಏರಿದ ಗಿಳಿಯೂ ವಾಂತಿ ಮಾಡುತ್ತದೆ, ಹಸಿರು ಹಿಕ್ಕೆ ಹಾಕುತ್ತದೆ. ಹೊರಗಿನ ಲಕ್ಷಣಗಳನ್ನು ನೋಡಿ ಇದು ಇಂಥದೇ ರೋಗವೆಂದು ಹೇಳುವ ಪಕ್ಕದ ಮನೆಯವರ ಪಾಂಡಿತ್ಯಕ್ಕೆ ಕಿವಿಗೊಡಬಾರದೆಂಬುದು ಇದಕ್ಕೇ.

ಹೊಟ್ಟೆ ಕೆಟ್ಟಿತೆಂದೊಡನೆ ಮನೆಗಳಲ್ಲಿ ನಡೆಯುವುದೇನು? ಓಮದ ನೀರು, ಮಕ್ಕಳಿಗೆ ಕೊಡುವ ಗ್ರೈಪ್ ವಾಟರ್, ಹಾಲಿನಲ್ಲಿ ಕಿವುಚಿದ ಅನ್ನ, ಕಡೆಗೆ ಅಂಗಡಿಯವನು ಕೊಟ್ಟ ಹಳದಿ ಪುಡಿ. ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಪಕ್ಷಿಗಳಿಗಿಲ್ಲ. ಹಾಲನ್ನ ತಿಂದ ಗಿಳಿಗೆ ಇಲ್ಲದ ಭೇದಿಯೂ ಬರಬಹುದು. ಕುಡಿಯುವ ನೀರಿಗೆ ಬೆರೆಸಿದ ಪುಡಿ ಜೀವನಿರೋಧಕ ಔಷಧವಾಗಿದ್ದರೆ ಇನ್ನೂ ತೊಂದರೆ. ಕಹಿಯೆಂದು ಹಕ್ಕಿ ನೀರನ್ನೇ ಬಿಡುತ್ತದೆ, ಎಷ್ಟು ಔಷಧ ಒಳಗೆ ಹೋಯಿತೆಂಬ ಲೆಕ್ಕ ಯಾರಿಗೂ ಸಿಕ್ಕುವುದಿಲ್ಲ, ಹೊಟ್ಟೆಯ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತ ಜಾಗದಲ್ಲಿ ಬೂಷ್ಟು ಬೆಳೆಯುತ್ತದೆ. ಮೆಣಸಿನಕಾಯಿಯಿಂದಲೇ ಹೊಟ್ಟೆ ಉರಿಯಿತೆಂದು ಅದನ್ನು ದೂರುವುದು ಮಾತ್ರ ಅನ್ಯಾಯ. ಮೆಣಸಿನ ಖಾರವನ್ನು ಅರಿಯುವ ಸಂವೇದನೆ ಪಕ್ಷಿಗಳಿಗೆ ಇಲ್ಲವೆನ್ನುವಷ್ಟು ಕಡಿಮೆ. ಗಿಳಿ ಹಸಿಮೆಣಸಿನಕಾಯಿ ತಿನ್ನುವುದು ಶೌರ್ಯದಿಂದಲ್ಲ.

ಮುಂಬಯಿಯ ಉಪನಗರದ ಒಂದು ಮನೆಯನ್ನು ನೋಡಬಹುದು. ಧಾರವಾಡದ ಕಡೆಯ ಸಂಸಾರ. ಮಗ ಸೊಸೆ ಇಬ್ಬರೂ ಲೋಕಲ್ ಗಾಡಿ ಹಿಡಿದು ಕೆಲಸಕ್ಕೆ ಹೋಗುವವರು. ಮೊಮ್ಮಗನದು ಇಂಗ್ಲಿಷ್ ಮಾಧ್ಯಮದ ಶಾಲೆ. ಹಗಲೆಲ್ಲ ಮನೆಯಲ್ಲಿ ಉಳಿಯುವವರು ಅಜ್ಜಿ ಮತ್ತು ಒಂದು ಬೂದುಗಿಳಿ. ಮನೆಯ ಅಜ್ಜ ತೀರಿಕೊಂಡು ಕೆಲವು ವರ್ಷಗಳಾಗಿವೆ, ಆದರೆ ಸಂಜೆ ನಾಲ್ಕಕ್ಕೆ ‘ಚಾ ಆತೇನು?’ ಎಂಬ ಅವರ ದನಿ ಪಂಜರದಿಂದ ಇಂದಿಗೂ ಹೊರಡುತ್ತದೆ. ಇಂಗ್ಲಿಷು ಹಿಂದಿಗಳಲ್ಲೇ ದಿನ ಕಳೆಯುವ ಹುಡುಗ ಆ ಮಾತಿಗೆ ಮಾತ್ರ ‘ಆತು, ಆತು’ ಎಂದು ಕನ್ನಡದಲ್ಲಿ ಉತ್ತರ ಕೊಡುತ್ತಾನೆ. ಇಂತಹ ಗಿಳಿ ಕಾಳನ್ನು ಹಾಗೆಯೇ ಹಾಕತೊಡಗಿ, ಕ್ಷಕಿರಣ ಚಿತ್ರದಲ್ಲಿ ಹಿಗ್ಗಿದ ಜಠರ ಕಂಡಾಗ ಆ ಮನೆಗೆ ಬಂದ ಚಿಂತೆಯನ್ನು ಒಂದು ಪಕ್ಷಿಯ ಚಿಂತೆ ಎಂದಷ್ಟೇ ಅನ್ನಲಾಗದು.

ವೈದ್ಯರು ಕೇಳಿದ ಮೊದಲ ಪ್ರಶ್ನೆ, ದಿನಕ್ಕೆ ಎಷ್ಟು ತಿನ್ನುತ್ತದೆ, ಯಾರು ಕೊಡುತ್ತಾರೆ ಎಂಬುದು. ಲೆಕ್ಕ ಹಾಕುತ್ತ ಹೋದಂತೆ ಅಜ್ಜಿಯ ಹಾಲವಲಕ್ಕಿ, ಹುಡುಗನ ಬಿಸ್ಕತ್ತು, ಸೊಸೆ ಹಾಕುವ ಸೂರ್ಯಕಾಂತಿ ಬೀಜ, ಕೆಲಸದವಳು ಹಾಕುವ ಚಪಾತಿಯ ಚೂರು ಹೀಗೆ ಪಟ್ಟಿ ಬೆಳೆಯಿತು. ಯಾರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ನಾಲ್ಕು ಜನ ಹಣ ತೆಗೆಯುವ ಒಂದು ಖಾತೆಗೆ ರೋಜುಕೀರ್ದಿಯೇ ಇಲ್ಲದಿದ್ದರೆ ಸಂಜೆಯ ಶಿಲ್ಕು ತಾಳೆಯಾಗುವುದೆಂತು? ಮನೆಯವರು ಕೈಗೊಂಡ ನಿರ್ಣಯ ಮೆಚ್ಚತಕ್ಕದ್ದು. ಎಲ್ಲರಿಗಿಂತ ಹೆಚ್ಚು ತಿನ್ನಿಸುತ್ತಿದ್ದ ಅಜ್ಜಿಗೇ ಲೆಕ್ಕವನ್ನು ಒಪ್ಪಿಸಿದರು. ಒಂದೊಂದು ಗ್ರಾಂ ತೋರಿಸುವ ಅಡಿಗೆಮನೆಯ ತಕ್ಕಡಿ ಬಂತು. ಬೆಳಿಗ್ಗೆ ಮೊದಲ ಹಿಕ್ಕೆಯಾದ ಮೇಲೆ, ಮೊದಲ ತುತ್ತಿಗೆ ಮೊದಲು ಗಿಳಿ ತಕ್ಕಡಿಯ ಮೇಲೆ ಹತ್ತಬೇಕು. ತೂಕ, ಕೊಟ್ಟ ಆಹಾರ, ಉಳಿದ ಆಹಾರ, ಹಿಕ್ಕೆಯ ಬಣ್ಣ, ವಾಂತಿಯಾದರೆ ಅದರ ಹೊತ್ತು, ಔಷಧ ಕೊಟ್ಟ ಹೊತ್ತು ಎಲ್ಲವೂ ಅಜ್ಜಿಯ ಕನ್ನಡ ಅಂಕೆಗಳಲ್ಲಿ ವಹಿಗೆ ಏರಿದವು. ಮುಂದಿನ ಭೇಟಿಯಲ್ಲಿ ವೈದ್ಯರು ಗಿಳಿಗಿಂತ ಹೆಚ್ಚು ಹೊತ್ತು ನೋಡಿದ್ದು ಆ ವಹಿಯನ್ನು, ಸೊಸೆ ಪಕ್ಕದಲ್ಲಿ ನಿಂತು ಅಂಕೆಗಳನ್ನು ಓದಿ ಹೇಳುತ್ತಿದ್ದಳು. ಗಿಳಿ ಗುಣವಾಗಲಿಲ್ಲ, ಗುಣವಾಗುವ ರೋಗವೂ ಅದಲ್ಲ. ತೂಕ ಇಳಿಯುವುದು ನಿಂತಿತು.

ತೂಕದ ಮಹತ್ವ ಅಂಕೆಗಳಲ್ಲಿದೆ. ಬೂದುಗಿಳಿಯ ತೂಕ ಸಾಮಾನ್ಯವಾಗಿ 400ರಿಂದ 500 ಗ್ರಾಂ, ಕಾಕಟೀಲ್‌ನದು 80ರಿಂದ 100 ಗ್ರಾಂ, ಬಡ್ಜರಿಗರ್‌ನದು 30ರಿಂದ 40 ಗ್ರಾಂ. ಹತ್ತರಲ್ಲಿ ಒಂದು ಭಾಗ ಇಳಿದರೆ ವೈದ್ಯರನ್ನು ಕಾಣಲು ತಡಮಾಡಬಾರದು. ಬಡ್ಜರಿಗರ್‌ನ ಮಟ್ಟಿಗೆ ಈ ಹತ್ತರಲ್ಲೊಂದು ಭಾಗವೆಂದರೆ ಮೂರು ನಾಲ್ಕು ಗ್ರಾಂ, ಹೆಚ್ಚೆಂದರೆ ಒಂದು ಚಹಾ ಚಮಚ ಸಕ್ಕರೆಯಷ್ಟು. ಅಷ್ಟು ಸಣ್ಣ ಹಕ್ಕಿ ಒಂದೆರಡು ದಿನ ಉಪವಾಸವಿದ್ದರೂ ಪ್ರಾಣಕ್ಕೆ ಅಪಾಯ. ಆದುದರಿಂದ ‘ಭಾನುವಾರ ನೋಡೋಣ’ ಎಂಬ ಮಾತು ಇಲ್ಲಿ ಸಲ್ಲದು.

ಆಹಾರದ ವಿಷಯದಲ್ಲಿ ಸಂಪ್ರದಾಯ ಬಿಡುವುದು ಕಷ್ಟ. ಬರೀ ಕಾಳು ತಿಂದು ಬೆಳೆದ ಗಿಳಿಗೆ ಕೊಬ್ಬು ಹೆಚ್ಚು, ಎ ಜೀವಸತ್ತ್ವ ಮತ್ತು ಸುಣ್ಣದ ಅಂಶ ಕಡಿಮೆ. ಎ ಜೀವಸತ್ತ್ವ ಕಡಿಮೆಯಾದಾಗ ಬಾಯಿಯ ಒಳಪದರವೇ ದುರ್ಬಲವಾಗಿ ಸೋಂಕಿಗೆ ಎಡೆಯಾಗುತ್ತದೆ. ಗಿಳಿಗಳಿಗೆಂದೇ ತಯಾರಿಸಿದ ಗುಳಿಗೆಯ ಆಹಾರ, ಬೇಯಿಸಿದ ಗಜ್ಜರಿ, ಸಿಹಿಗುಂಬಳ, ನುಗ್ಗೆಸೊಪ್ಪು, ಕೊತ್ತಂಬರಿಸೊಪ್ಪು ಇವು ವಾಸಿ. ಆದರೆ ಕಾಯಿಲೆಯ ಹಕ್ಕಿಯ ತಟ್ಟೆಯನ್ನು ಒಂದೇ ದಿನ ಬದಲಿಸಿದರೆ ಹೊಸದನ್ನು ಆಹಾರವೆಂದೇ ಗುರುತಿಸದೆ ಅದು ಹಸಿದು ಕುಳಿತೀತು. ವೈದ್ಯರ ಸಲಹೆಯಂತೆ, ವಾರಗಟ್ಟಲೆ, ತಕ್ಕಡಿಯನ್ನು ನೋಡುತ್ತ ಬದಲಿಸಬೇಕು. ಜಠರ ಹಿಗ್ಗಿದ ಹಕ್ಕಿಗೆ ಗಟ್ಟಿ ಕಾಳು ಬೇಡವೇ ಬೇಡ, ಮೆತ್ತಗೆ ಮಾಡಿದ ಗುಳಿಗೆ ಸ್ವಲ್ಪ ಸ್ವಲ್ಪವಾಗಿ ಹಲವು ಸಲ. ಉಪ್ಪು ಹಾಕಿದ ಚೂಡಾ, ಈರುಳ್ಳಿ, ಚಾಕೊಲೇಟು ಪಂಜರದ ಹತ್ತಿರ ಸುಳಿಯಬಾರದು. ಈಗ ಪೇಟೆಯಲ್ಲಿ ಧಾರಾಳವಾಗಿ ಸಿಗುವ ಬೆಣ್ಣೆಹಣ್ಣು ಗಿಳಿಗೆ ವಿಷ. ಮೆತ್ತಗಿನ ಆಹಾರ ಮುಂಬಯಿಯ ಸೆಕೆಯಲ್ಲಿ ಎರಡು ತಾಸಿಗೆ ಹುಳಿಯುತ್ತದೆಯಾದ್ದರಿಂದ ಉಳಿದದ್ದನ್ನು ಎಸೆಯುವ ಮನಸ್ಸನ್ನೂ ಮಾಡಬೇಕು. ಅನ್ನವನ್ನು ಎಸೆಯಬಾರದೆಂದು ಬೆಳೆದವರಿಗೆ ಇದು ಸುಲಭವಲ್ಲ.

ಕಾಯಿಲೆಯ ಹಕ್ಕಿಗೆ ಬೆಚ್ಚಗಿನ ಮೂಲೆ ಬೇಕು, ಸುಮಾರು 29ರಿಂದ 30 ಡಿಗ್ರಿ. ಮುಂಬಯಿ, ಚೆನ್ನೈಗಳಲ್ಲಿ ಪಂಖದ ಗಾಳಿ ನೇರ ಬೀಳದಂತೆ ನೋಡಿಕೊಂಡರೆ ವರ್ಷದ ಬಹುಪಾಲು ಸಾಕಾಗುತ್ತದೆ. ದಿಲ್ಲಿಯ ಚಳಿಗೆ ಪಂಜರದ ಒಂದು ಬದಿಯಲ್ಲಿ ಮಾತ್ರ ಕಾವು ಕೊಡುವ ದೀಪವಿಟ್ಟು, ಸೆಕೆಯಾದರೆ ಹಕ್ಕಿ ಇನ್ನೊಂದು ಬದಿಗೆ ಸರಿಯುವಂತಿರಬೇಕು. ಹಿಕ್ಕೆಯ ಕಾಗದವನ್ನು ದಿನವೂ ಒದ್ದೆ ಮಾಡಿಯೇ ತೆಗೆಯತಕ್ಕದ್ದು. ಗಿಳಿಯ ಒಣಹಿಕ್ಕೆಯ ಧೂಳಿನಿಂದ ಸಿಟಕೋಸಿಸ್ ಎಂಬ ಜ್ವರ ಮನುಷ್ಯರ ಶ್ವಾಸಕೋಶಕ್ಕೆ ತಗಲುವುದುಂಟು. ಗಿಳಿಗೆ ಭೇದಿ, ಮನೆಯ ಹಿರಿಯರಿಗೆ ಬಿಡದ ಜ್ವರ ಕೆಮ್ಮು ಒಟ್ಟಿಗೆ ಬಂದರೆ, ಮನೆಯಲ್ಲಿ ಗಿಳಿಯಿದೆ ಎಂಬುದನ್ನು ಮನುಷ್ಯರ ವೈದ್ಯರಿಗೆ ಹೇಳಲು ಮರೆಯಬಾರದು.

ಇನ್ನು ಊರಿಗೆ ಹೋಗುವ ಪ್ರಶ್ನೆ. ಹೊರನಾಡಿನ ಕನ್ನಡಿಗರಿಗೆ ಮೇ ತಿಂಗಳೆಂದರೆ ಊರು, ಗಣೇಶ ಚೌತಿಯೆಂದರೆ ಊರು, ಮನೆದೇವರ ಜಾತ್ರೆಯೆಂದರೆ ಊರು. ಆರೋಗ್ಯದ ಹಕ್ಕಿಯನ್ನು ನೆರೆಯವರಲ್ಲಿ ಬಿಟ್ಟು ಹೋಗಬಹುದು. ಹೊಟ್ಟೆಯ ರೋಗದ ಹಕ್ಕಿಯನ್ನು ಹಾಗೆ ಬಿಡುವುದೂ ರಾತ್ರಿ ಬಸ್ಸಿನಲ್ಲಿ ಹದಿನಾಲ್ಕು ತಾಸು ಕುಲುಕಿಸಿಕೊಂಡು ಒಯ್ಯುವುದೂ ಒಂದೇ ಬಗೆಯ ಅಪಾಯ. ಅಪರಿಚಿತ ಕೈ, ಅಪರಿಚಿತ ಜಾಗ, ತಪ್ಪಿದ ಔಷಧ ಇವುಗಳಿಂದ ತಿಂಗಳುಗಳ ಗಳಿಕೆ ವಾರದಲ್ಲಿ ಕರಗುತ್ತದೆ. ಮನೆಯಲ್ಲಿ ಒಬ್ಬರು ಉಳಿಯಬೇಕು, ಇಲ್ಲವೇ ಪಕ್ಕದವರೊಬ್ಬರಿಗೆ ಮೊದಲೇ ಹದಿನೈದು ದಿನ ತಕ್ಕಡಿ, ವಹಿ, ಔಷಧದ ಪಿಚಕಾರಿ ಎಲ್ಲವನ್ನೂ ಕಲಿಸಿಡಬೇಕು. ಇಷ್ಟು ತ್ಯಾಗಕ್ಕೆ ಸಿದ್ಧರಿಲ್ಲದ ಸಂಸಾರ ಗಿಳಿಯನ್ನು ತರುವ ಮುನ್ನವೇ ಯೋಚಿಸುವುದು ಲೇಸು. ಬೂದುಗಿಳಿ ಚೆನ್ನಾಗಿದ್ದರೆ ನಾಲ್ವತ್ತು ಐವತ್ತು ವರ್ಷ ಬಾಳುವ ಜೀವ. ಠೇವಣಿಗೆ ನಾಮನಿರ್ದೇಶನ ಮಾಡುವವರು ಗಿಳಿಗೂ ಒಬ್ಬ ವಾರಸುದಾರನನ್ನು ಗೊತ್ತುಮಾಡಿರಬೇಕು.

ಖರ್ಚಿನ ಮಾತನ್ನು ಬಿಡಲಾಗದು. ಕೆಲವು ನೂರು ರೂಪಾಯಿಯ ಬಡ್ಜರಿಗರ್‌ಗೆ ಒಂದು ಕ್ಷಕಿರಣ ಚಿತ್ರ, ಒಂದೆರಡು ಪರೀಕ್ಷೆ ಎಂದರೆ ಕೊಂಡ ಬೆಲೆಯ ಹಲವು ಪಟ್ಟು. ‘ಇದೇ ಹಣಕ್ಕೆ ಹತ್ತು ಹಕ್ಕಿ ಬರುತ್ತವೆ’ ಎನ್ನುವವರ ಲೆಕ್ಕದಲ್ಲಿ ಅಂಕೆ ತಪ್ಪಿಲ್ಲ, ಖಾತೆ ತಪ್ಪಿದೆ. ಹಕ್ಕಿಯನ್ನು ಸರಕಿನ ಖಾತೆಯಲ್ಲಿ ಬರೆದರೆ ಸವಕಳಿ ಹಿಡಿದು ತೆಗೆದುಹಾಕಬಹುದು. ಮನೆಯಲ್ಲಿಟ್ಟುಕೊಂಡ ಜೀವವನ್ನು ಹೊಣೆಯ ಖಾತೆಯಲ್ಲಿ ಬರೆಯಬೇಕು. ಪಶುವೈದ್ಯರಲ್ಲಿ ಪಕ್ಷಿಗಳನ್ನು ಬಲ್ಲವರು ಕಡಿಮೆ ಎಂಬುದೂ ನಿಜ. ಮುಂಬಯಿಯಲ್ಲಿ 1886ರಲ್ಲಿ ಸ್ಥಾಪನೆಯಾದ ಪಶುವೈದ್ಯಕೀಯ ಕಾಲೇಜು ಪರೇಲಿನಲ್ಲಿದೆ, ದಿಲ್ಲಿಯ ಕೆಂಪುಕೋಟೆಯ ಎದುರಿನ ಜೈನ ಮಂದಿರದಲ್ಲಿ ಪಕ್ಷಿಗಳಿಗೆಂದೇ ಧರ್ಮಾರ್ಥ ಆಸ್ಪತ್ರೆಯಿದೆ. ಹಕ್ಕಿ ಆರೋಗ್ಯದಿಂದಿರುವಾಗಲೇ ಪಕ್ಷಿವೈದ್ಯರೊಬ್ಬರ ವಿಳಾಸವನ್ನು ವಹಿಯ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡರೆ ನಡುರಾತ್ರಿ ಹುಡುಕುವುದು ತಪ್ಪುತ್ತದೆ.

ಎಲ್ಲ ಲೆಕ್ಕ ಸರಿಯಿದ್ದರೂ ಒಂದು ದಿನ ತೂಕ ಇಳಿಯತೊಡಗಿ ನಿಲ್ಲದಿರಬಹುದು. ಗಿಳಿ ತಿನ್ನಲೊಲ್ಲದು, ದಂಡಿಗೆಯ ಮೇಲೆ ನಿಲ್ಲಲಾರದು, ಕರೆದರೆ ಕಣ್ಣು ತೆರೆಯದು. ಆಗ ಪಿಚಕಾರಿಯಿಂದ ಬಲವಂತವಾಗಿ ಗಂಟಲಿಗೆ ಸುರಿಯುವುದನ್ನು ದಯೆ ಎನ್ನಲಾಗದು. ಅನುಭವವಿಲ್ಲದ ಕೈಯಿಂದ ಅದು ಶ್ವಾಸನಾಳಕ್ಕೆ ಹೋಗಿ ಉಸಿರೇ ಕಟ್ಟುತ್ತದೆ. ನೋವಿಲ್ಲದ ಸಾವನ್ನು ವೈದ್ಯರು ಸೂಚಿಸಿದಾಗ ಪಾಪದ ಭಯದಿಂದ ಹಿಂಜರಿಯುವ ಮನೆಗಳೇ ಹೆಚ್ಚು. ಆ ಭಯವನ್ನು ಹಳಿಯಬೇಕಾಗಿಲ್ಲ. ಆದರೆ ಯಾರ ನೋವನ್ನು ತಪ್ಪಿಸಲು ಯಾರ ನೋವು ಮುಂದುವರಿಯುತ್ತಿದೆ ಎಂದು ಮನೆಯ ಹಿರಿಯರು ಕುಳಿತು ಯೋಚಿಸಬೇಕು. ವಹಿಯ ಕೊನೆಯ ಹದಿನೈದು ದಿನದ ಅಂಕೆಗಳು ಆಗ ಸಹಾಯಕ್ಕೆ ಬರುತ್ತವೆ. ಆ ಕೋಣೆಗೆ ಮೊಮ್ಮಕ್ಕಳನ್ನೂ ಕರೆಯುವುದು ಒಳ್ಳೆಯದು. ಶಾಲೆಯಿಂದ ಬಂದಾಗ ಪಂಜರ ಖಾಲಿಯಾಗಿರುವುದನ್ನು ಕಾಣುವುದಕ್ಕಿಂತ ಅದು ವಾಸಿ.

ಹಕ್ಕಿ ಹೋದ ಮನೆಗೆ ಮುಂದಿನ ಭಾನುವಾರವೇ ಪೇಟೆಯಿಂದ ಇನ್ನೊಂದನ್ನು ತಂದು ಅದೇ ಪಂಜರದಲ್ಲಿ ಕೂರಿಸುವವರಿದ್ದಾರೆ, ಮುಖ್ಯವಾಗಿ ಮನೆಯ ಹಿರಿಯರ ಒಂಟಿತನವನ್ನು ನೋಡಲಾರದೆ. ಬೋರ್ನಾ ವೈರಸ್ ಆಗಲಿ, ಜಠರದ ಬೂಷ್ಟಾಗಲಿ, ಸತ್ತ ಹಕ್ಕಿಯ ತಟ್ಟೆ, ಮರದ ದಂಡಿಗೆ, ಜೊತೆಗಾರ ಹಕ್ಕಿ ಇವುಗಳ ಮೂಲಕ ಹೊಸದಕ್ಕೆ ದಾಟಬಹುದು. ಮರದ ವಸ್ತುಗಳನ್ನು ಎಸೆಯಬೇಕು, ಪಂಜರವನ್ನು ಸೋಪಿನಿಂದ ತಿಕ್ಕಿ ತೊಳೆದು, ವೈದ್ಯರು ಹೇಳಿದ ಸೋಂಕುನಿವಾರಕ ಹಚ್ಚಿ ಬಿಸಿಲಿಗೆ ಒಣಗಿಸಬೇಕು. ಮನೆಯಲ್ಲಿ ಇನ್ನೊಂದು ಗಿಳಿಯಿದ್ದರೆ ಅದಕ್ಕೆ ಪರೀಕ್ಷೆಯಾಗುವ ತನಕ ಹೊಸಬನಿಗೆ ಬಾಗಿಲು ಹಾಕಿರಬೇಕು. ಆ ತಿಂಗಳುಗಳಲ್ಲಿ ಸಂಜೆ ನಾಲ್ಕಕ್ಕೆ ಅಜ್ಜಿಯ ಜೊತೆ ಚಹಾಕ್ಕೆ ಕುಳಿತು ಕನ್ನಡದಲ್ಲಿ ನಾಲ್ಕು ಮಾತಾಡುವ ಸರದಿ ಮನೆಯವರದು.